ಅವರ ಗೆರೆಯ ಮೇಲೆ ಇವರ ಬಣ್ಣ

ಒಬ್ಬರು ಬರೆದ ಚಿತ್ರಕ್ಕೆ ಇನ್ನೊಬ್ಬರು ಕುಂಚ ಇಟ್ಟರೆ ನಮ್ಮ ಕಸುಬಿನಲ್ಲಿ ಮಾತುಕತೆ ನಿಂತುಹೋಗುತ್ತದೆ. ನಾನು ಮೈಸೂರು ಸಾಂಪ್ರದಾಯಿಕ ಶೈಲಿಯಲ್ಲಿ ಚಿತ್ರ ಬರೆಯುವವಳು. ಮನೆಯ ಹಜಾರದಲ್ಲೇ ಒಂದಷ್ಟು ಮಕ್ಕಳಿಗೆ, ಮಕ್ಕಳನ್ನು ಬಿಡಲು ಬಂದು ತಾವೂ ಕೂತುಬಿಡುವ ತಾಯಂದಿರಿಗೆ ಕಲಿಸುತ್ತೇನೆ. ಮೇಷ್ಟ್ರು ಶಿಷ್ಯರ ಗೆರೆ ತಿದ್ದಬಹುದು. ಶಿಷ್ಯರು ಮೇಷ್ಟ್ರ ಗೆರೆ ಮುಟ್ಟುವಂತಿಲ್ಲ. ಸರೀಕರಂತೂ ಒಬ್ಬರ ಹಾಳೆಯ ತಂಟೆಗೆ ಇನ್ನೊಬ್ಬರು ಹೋಗುವುದೇ ಇಲ್ಲ. ಹಾಗಾಗಿ ಪಾಕಿಸ್ತಾನದ ಆರು ಜನ ಚಿಕಣಿ ಚಿತ್ರಕಾರರು 2003ರಲ್ಲಿ ಮಾಡಿದ ಕೆಲಸದ ಬಗ್ಗೆ ಓದಿದಾಗ ನನಗೆ ಮೊದಲು ಆದದ್ದು ಮೆಚ್ಚುಗೆಯಲ್ಲ, ಗಾಬರಿ.

ಲಾಹೋರ್‌ನ ಇಮ್ರಾನ್ ಖುರೇಷಿ ಅವರ ತಲೆಯಲ್ಲಿ ಹುಟ್ಟಿದ ಯೋಜನೆ ಅದು. ಜೊತೆಗೂಡಿದವರು ಆಯಿಷಾ ಖಾಲಿದ್, ಹಸ್ನತ್ ಮೆಹಮೂದ್, ನುಸ್ರಾ ಲತೀಫ್ ಖುರೇಷಿ, ತಲ್ಹಾ ರಾಥೋರ್ ಮತ್ತು ಸೈರಾ ವಸೀಮ್. ಆರೂ ಜನ ಲಾಹೋರ್‌ನ ನ್ಯಾಷನಲ್ ಕಾಲೇಜ್ ಆಫ್ ಆರ್ಟ್ಸ್‌ನಲ್ಲಿ ಚಿಕಣಿ ಚಿತ್ರಕಲೆ ಕಲಿತವರು. ಆದರೆ ಅಷ್ಟು ಹೊತ್ತಿಗೆ ನುಸ್ರಾ ಮೆಲ್ಬರ್ನ್‌ನಲ್ಲಿದ್ದರು, ತಲ್ಹಾ ನ್ಯೂಯಾರ್ಕ್‌ನಲ್ಲಿ, ಸೈರಾ ಷಿಕಾಗೋದಲ್ಲಿ. ಪ್ರತಿಯೊಬ್ಬರೂ ಎರಡೆರಡು ಹಾಳೆಗಳಲ್ಲಿ ಚಿತ್ರ ಶುರುಮಾಡಿದರು. ಒಂದಿಷ್ಟು ಬರೆದು, ಮುಗಿಸದೆ, ಕೊರಿಯರ್‌ನಲ್ಲಿ ಮುಂದಿನವರಿಗೆ ಕಳುಹಿಸಿದರು. ಅವರು ಅದರ ಮೇಲೆ ತಮಗೆ ತೋಚಿದ್ದನ್ನು ಸೇರಿಸಿ ಅದರ ಮುಂದಿನವರಿಗೆ ದಾಟಿಸಿದರು. ವಿಷಯ ಇಂಥದ್ದೇ ಎಂದು ಮೊದಲೇ ಗೊತ್ತುಮಾಡಿರಲಿಲ್ಲ. ಹೀಗೆ ಸುತ್ತು ಹೊಡೆದು ಹನ್ನೆರಡು ಚಿತ್ರಗಳಾದವು. ಒಂದೊಂದರ ಮೇಲೂ ಆರೂ ಜನರ ಕೈಗೆಲಸ ಉಂಟು. ಇಡೀ ಸರಣಿಗೆ ‘ಕಾರ್ಖಾನಾ’ ಎಂದು ಹೆಸರಿಟ್ಟು 2005ರಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದ ಆಲ್ಡ್ರಿಚ್ ಮ್ಯೂಸಿಯಂನಲ್ಲಿ ಪ್ರದರ್ಶಿಸಿದರು.

ಇದರಲ್ಲಿ ಗಾಬರಿಯಾಗುವಂಥದ್ದೇನು ಅಂತ ಕೇಳಬಹುದು. ಅದು ತಿಳಿಯಬೇಕಾದರೆ ಆ ಹಾಳೆ ಎಂಥದ್ದು ಅಂತ ಗೊತ್ತಿರಬೇಕು. ಅದಕ್ಕೆ ವಸ್ಲಿ ಎನ್ನುತ್ತಾರೆ. ಮೂರು ನಾಲ್ಕು ಕಾಗದಗಳನ್ನು ಗೋಧಿಹಿಟ್ಟಿನ ಅಂಟಿನಲ್ಲಿ ಒಂದರ ಮೇಲೊಂದು ಅಂಟಿಸಿ, ಎಲ್ಲೂ ಗಾಳಿಗುಳ್ಳೆ ಉಳಿಯದಂತೆ ಅಂಗೈಯಲ್ಲಿ ಒತ್ತಿ, ಭಾರ ಹೇರಿ ಒಣಗಿಸುತ್ತಾರೆ. ಹುಳ ಹಿಡಿಯದಿರಲೆಂದು ಅಂಟಿಗೆ ಚೂರು ಮೈಲುತುತ್ತ ಹಾಕುತ್ತಾರೆ. ಮಲೆನಾಡಿನಲ್ಲಿ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿರುತ್ತದಲ್ಲ, ಅದೇ ಮೈಲುತುತ್ತ. ಒಣಗಿದ ಹಾಳೆಯನ್ನು ನುಣುಪು ಕಲ್ಲಿನಲ್ಲೋ ಚಿಪ್ಪಿನಲ್ಲೋ ಉಜ್ಜುತ್ತಾರೆ. ಉಜ್ಜಿ ಉಜ್ಜಿ ಮೇಲ್ಮೈ ಗಾಜಿನ ಹಾಗೆ ಜಾರಬೇಕು. ಆಗ ಮಾತ್ರ ಅಳಿಲಿನ ಬಾಲದ ಕೂದಲಿನ ಕುಂಚ ತಡೆಯಿಲ್ಲದೆ ಓಡುತ್ತದೆ. ನಾವೂ ಅದೇ ಅಳಿಲು ಕುಂಚದವರೇ. ನಮ್ಮಲ್ಲಿ ಗೆಸ್ಸೊ ಮೆತ್ತಿ ಉಬ್ಬು ಮಾಡಿ ಮೇಲೆ ಚಿನ್ನದ ರೇಕು ಕೂರಿಸುತ್ತೇವೆ. ಅವರಲ್ಲಿ ಉಬ್ಬಿಲ್ಲ, ಎಲ್ಲವೂ ಚುಕ್ಕಿಯಲ್ಲಿ. ಕೆನ್ನೆಯ ನೆರಳು ಬರಬೇಕಾದರೆ ಕಣ್ಣಿಗೆ ಕಾಣದಷ್ಟು ಸಣ್ಣ ಚುಕ್ಕಿಗಳನ್ನು ಸಾಲುಸಾಲಾಗಿ ಇಡುತ್ತಾ ಹೋಗಬೇಕು. ಈ ಕೆಲಸಕ್ಕೆ ಪರ್ದಾಖ್ತ್ ಎಂದು ಹೆಸರು. ಹೆಬ್ಬೆಟ್ಟಿನಷ್ಟು ಮುಖ ಮುಗಿಸುವಷ್ಟರಲ್ಲಿ ಕತ್ತು ಹಿಡಿದುಕೊಂಡಿರುತ್ತದೆ.

ಇನ್ನೊಂದು ವಿಷಯ ಕಸುಬುದಾರರಿಗೆ ಮಾತ್ರ ಗೊತ್ತು. ಈ ಬಣ್ಣಗಳನ್ನು ಗೋಂದಿನಲ್ಲಿ ಕಲಸಿರುತ್ತಾರೆ. ಎಣ್ಣೆ ಬಣ್ಣದ ಹಾಗೆ ಒಮ್ಮೆ ಒಣಗಿದರೆ ಗಟ್ಟಿಯಾಗಿ ಕೂತುಬಿಡುವುದಿಲ್ಲ. ಒದ್ದೆ ಕುಂಚ ತಾಗಿದರೆ ಮತ್ತೆ ಕದಡುತ್ತದೆ. ಅಂದರೆ, ವಾರಗಟ್ಟಲೆ ಚುಕ್ಕಿ ಇಟ್ಟ ಮುಖವನ್ನು ಮುಂದಿನವರು ಎರಡು ನಿಮಿಷದಲ್ಲಿ ತೊಳೆದುಹಾಕಬಹುದು. ಅಥವಾ ಮೇಲೆ ದಪ್ಪ ಬಣ್ಣ ಬಳಿದು ಮುಚ್ಚಬಹುದು. ‘ಕಾರ್ಖಾನಾ’ದ ಆರು ಜನ ಕೊರಿಯರ್ ಲಕೋಟೆ ಅಂಟಿಸುವಾಗ ಒಪ್ಪಿಕೊಂಡದ್ದು ಇದನ್ನೇ: ಮುಂದಿನವರು ನನ್ನ ಕೆಲಸವನ್ನು ಇಲ್ಲವಾಗಿಸಬಹುದು, ಕೇಳುವ ಹಕ್ಕು ನನಗಿಲ್ಲ.

‘ಕಾರ್ಖಾನಾ’ ಎಂಬ ಹೆಸರು ಬಂದದ್ದು ಮೊಗಲರ ಕಾಲದ ಚಿತ್ರಶಾಲೆಗಳಿಂದ. ಅಕ್ಬರನ ಚಿತ್ರಶಾಲೆಯಲ್ಲಿ ಒಂದು ಚಿತ್ರ ಒಬ್ಬರ ಕೈಯಲ್ಲಿ ಮುಗಿಯುತ್ತಿದ್ದದ್ದು ಕಡಿಮೆ. ರೇಖಾಕೃತಿ ಒಬ್ಬರದು, ಬಣ್ಣ ತುಂಬುವುದು ಇನ್ನೊಬ್ಬರು, ಮುಖ್ಯ ಮುಖಗಳನ್ನು ಬರೆಯಲು ಬೇರೆಯೇ ನಿಪುಣರು. ಅಕ್ಬರನಾಮಾದ ಪುಟಗಳ ಅಂಚಿನಲ್ಲಿ ಯಾರು ಏನು ಮಾಡಿದರು ಎಂದು ಗುಮಾಸ್ತರು ಬರೆದಿಟ್ಟದ್ದು ಇವತ್ತಿಗೂ ಕಾಣುತ್ತದೆ. 1560ರ ದಶಕದಲ್ಲಿ ಶುರುವಾದ ಹಮ್ಜಾನಾಮಾಕ್ಕೆ ಸುಮಾರು 1400 ದೊಡ್ಡ ಚಿತ್ರಗಳನ್ನು ಹದಿನೈದು ವರ್ಷಗಳಷ್ಟು ಕಾಲ ಬರೆದರು. ಇರಾನಿನಿಂದ ಬಂದಿದ್ದ ಮೀರ್ ಸಯ್ಯಿದ್ ಅಲಿ, ಅಬ್ದುಸ್ ಸಮದ್ ಅವರ ಉಸ್ತುವಾರಿಯಲ್ಲಿ ಇಲ್ಲಿನವರೇ ಎಷ್ಟೋ ಮಂದಿ ದುಡಿದರು. ಈಗ ಉಳಿದಿರುವುದು ಇನ್ನೂರಕ್ಕಿಂತ ಕಡಿಮೆ.

ಆದರೆ ಆ ಕಾರ್ಖಾನೆಯಲ್ಲಿ ಜಗಳಕ್ಕೆ ಜಾಗವಿರಲಿಲ್ಲ. ಮೇಲೊಬ್ಬ ಉಸ್ತಾದ್, ಅವನ ಮೇಲೆ ಬಾದಶಹ. ಯಾರ ಗೆರೆ ಉಳಿಯಬೇಕು, ಯಾರದು ಹೋಗಬೇಕು ಎಂದು ಅವರು ಹೇಳುತ್ತಿದ್ದರು. ಲಾಹೋರ್‌ನ ಆರು ಜನ ಕಾರ್ಖಾನೆಯನ್ನು ಉಳಿಸಿಕೊಂಡು ಯಜಮಾನನನ್ನು ತೆಗೆದುಹಾಕಿದರು. ಯಜಮಾನ ಇಲ್ಲದ ಕಡೆ ಏನಾಗುತ್ತದೆ? ಸಂಕೋಚ ಇರುತ್ತದೆ, ಕೀಟಲೆ ಇರುತ್ತದೆ, ತಂಟೆಯೂ ಇರುತ್ತದೆ. ಚಿತ್ರಗಳಲ್ಲಿ ಎಲ್ಲವೂ ಕಾಣುತ್ತವೆ. ಹಳೆಯ ವಿದ್ಯಾರ್ಥಿನಿಯೊಬ್ಬಳು ತಂದುಕೊಟ್ಟ ಆ ಪ್ರದರ್ಶನದ ಪುಸ್ತಕವನ್ನು ಭೂತಗನ್ನಡಿ ಹಿಡಿದು ನೋಡಿದ್ದೇನೆ. ಆಯಿಷಾ ಅವರ ನೆಲಹಾಸಿನಂಥ ಜಾಮಿತಿ ಜಾಲ, ಬುರ್ಖಾ ತೊಟ್ಟ ಆಕೃತಿಗಳು. ನುಸ್ರಾ ಅವರ ತೆಳ್ಳನೆಯ ಬಾಹ್ಯರೇಖೆ, ಒಂದರೊಳಗೊಂದು ಹಾಯುವ ಮೈಗಳು. ಇಮ್ರಾನ್ ಅವರ ಕತ್ತರಿ ಮತ್ತು ಎಲೆಗೊಂಚಲು. ತಲ್ಹಾ ಅವರ ನ್ಯೂಯಾರ್ಕ್ ಸಬ್‌ವೇ ನಕ್ಷೆ. ಸೈರಾ ಬರೆದ ರಾಜಕಾರಣಿಗಳ ವ್ಯಂಗ್ಯರೂಪಗಳು. ಕುಂಚದ ಜೊತೆಗೆ ರಬ್ಬರ್ ಸ್ಟಾಂಪು, ಅಂಟಿಸುವ ಅಕ್ಷರಗಳು ಕೂಡ. ನೋಡನೋಡುತ್ತಾ ಯಾರು ಎಲ್ಲಿ ಮುಗಿಸಿದರು, ಯಾರು ಎಲ್ಲಿಂದ ಹಿಡಿದರು ಎನ್ನುವುದು ತಿಳಿಯತೊಡಗುತ್ತದೆ. ಹೊಂದಿಕೊಂಡ ಜಾಗಗಳಿಗಿಂತ ಹೊಂದಿಕೊಳ್ಳದ ಜಾಗಗಳೇ ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದವು.

ನಾನು ಹೇಳಬೇಕೆಂದಿರುವುದು ಇಷ್ಟೇ. ದಕ್ಷಿಣ ಏಷ್ಯಾದ ಕಲಾವಿದರು ಸೇರಿ ಏನಾದರೂ ಮಾಡಿದರೆ ನಾವು ಕೂಡಲೇ ಸೌಹಾರ್ದ, ಸಂಗಮ, ಸೇತುವೆ ಎಂದು ಭಾಷಣ ಬಿಗಿಯುತ್ತೇವೆ. ಆ ಮಾತುಗಳಿಂದ ಕೃತಿ ಕಾಣದಾಗುತ್ತದೆ. ಇಂಥ ಕೆಲಸದ ಸತ್ವ ಇರುವುದು ಒಬ್ಬರನ್ನೊಬ್ಬರು ಎಷ್ಟು ಕೆಡಿಸಲು ಬಿಟ್ಟರು ಎನ್ನುವುದರಲ್ಲಿ.

ಈ ಆರು ಜನ ಯಾವ ದೇಶದ ಕಲೆ ಮಾಡುತ್ತಿದ್ದಾರೆ ಎಂದು ಕೇಳಿದರೂ ಉತ್ತರ ಸಲೀಸಲ್ಲ. ಅವರ ಕಾಲೇಜು 1875ರಲ್ಲಿ ಬ್ರಿಟಿಷರು ತೆರೆದ ಮೇಯೋ ಸ್ಕೂಲ್ ಆಫ್ ಆರ್ಟ್ಸ್. ಮೊದಲ ಪ್ರಾಂಶುಪಾಲ ಲಾಕ್‌ವುಡ್ ಕಿಪ್ಲಿಂಗ್, ಬರಹಗಾರ ರುಡ್ಯಾರ್ಡ್ ಕಿಪ್ಲಿಂಗರ ತಂದೆ. ಅಲ್ಲಿ ಚಿಕಣಿ ಕಲಿಸಿದ ಹಾಜಿ ಷರೀಫ್ ಪಟಿಯಾಲಾ ಆಸ್ಥಾನ ಚಿತ್ರಕಾರರ ಮನೆತನದವರು. ಪಟಿಯಾಲಾ ಇರುವುದು ಗಡಿಯ ಈಚೆ. ಅಂಥ ಉಸ್ತಾದರ ಕೈಕೆಳಗೆ ಪಳಗಿದ ಬಷೀರ್ ಅಹ್ಮದ್ 1980ರ ದಶಕದಲ್ಲಿ ಈ ಕಲೆಯನ್ನು ಪದವಿ ಪಠ್ಯವಾಗಿಸಿದರು. ಇರಾನಿನ ಗೆರೆ, ಪಹಾಡಿ ಬಣ್ಣ, ಪಟಿಯಾಲಾದ ಮನೆತನ, ಬ್ರಿಟಿಷ್ ಶಾಲೆ, ಪಾಕಿಸ್ತಾನದ ಪದವಿ. ಇಷ್ಟೆಲ್ಲ ಸೇರಿದ ಮೇಲೆ ‘ಅಪ್ಪಟ ಪರಂಪರೆ’ ಎನ್ನುವವರ ಎದುರು ನಾನು ಸುಮ್ಮನಿರುತ್ತೇನೆ. ಮೈಸೂರು ಶೈಲಿಯೂ ವಿಜಯನಗರ ಬಿದ್ದ ಮೇಲೆ ಚದುರಿದ ಚಿತ್ರಗಾರರು ಶ್ರೀರಂಗಪಟ್ಟಣಕ್ಕೆ ತಂದದ್ದೇ ತಾನೆ.

ಮೈಸೂರಿನಲ್ಲಿ ಕೂತು ‘ನಾನು ದಕ್ಷಿಣ ಏಷ್ಯಾದವಳು’ ಎಂದು ಯಾರೂ ಹೇಳಿಕೊಳ್ಳುವುದಿಲ್ಲ. ಲಾಹೋರ್‌ನಲ್ಲೂ ಹೇಳಿಕೊಳ್ಳಲಾರರು. ವಿಮಾನ ಇಳಿದ ಮೇಲೆ ಆ ಗುರುತು ಅಂಟಿಕೊಳ್ಳುತ್ತದೆ. ಅಮೆರಿಕದಲ್ಲಿ ಓದುವ ನನ್ನ ತಂಗಿಯ ಮಗ ಇಲ್ಲಿದ್ದಾಗ ಮಂಡ್ಯದವನೋ ಮೈಸೂರಿನವನೋ ಎಂದು ವಾದಿಸುತ್ತಿದ್ದವನು. ಅಲ್ಲಿ ‘ಸೌತ್ ಏಷ್ಯನ್’ ವಿದ್ಯಾರ್ಥಿ ಸಂಘದಲ್ಲಿ ಕರಾಚಿಯ, ಢಾಕಾದ ಹುಡುಗರ ಜೊತೆ ದೀಪಾವಳಿ, ಈದ್ ಎರಡಕ್ಕೂ ಚಂದಾ ಎತ್ತುತ್ತಾನೆ. ‘ಕಾರ್ಖಾನಾ’ ಹುಟ್ಟಿದ್ದು 2001ರ ಸೆಪ್ಟೆಂಬರ್ ದಾಳಿಯ ನಂತರ, ಇರಾಕ್ ಯುದ್ಧ ಶುರುವಾದ ವರ್ಷ. ಷಿಕಾಗೋದಲ್ಲೋ ನ್ಯೂಯಾರ್ಕ್‌ನಲ್ಲೋ ಇರುವ ಪಾಕಿಸ್ತಾನಿಯ ಮುಖಕ್ಕೆ ಅರ್ಥ ಕೊಡುವವರು ಬೇರೆಯವರಾಗಿದ್ದ ಕಾಲ ಅದು. ಅಂಥ ಹೊತ್ತಿನಲ್ಲಿ ‘ನನ್ನ ಚಿತ್ರದ ಮೇಲೆ ನೀನು ಬರಿ’ ಎನ್ನಲು ಎದೆಗಾರಿಕೆ ಬೇಕು. ಕನಿಷ್ಠಪಕ್ಷ, ಬರೆಯುವವರು ಯಾರೆಂದು ಆಯ್ದುಕೊಳ್ಳುವ ಅವಕಾಶವಾದರೂ ಇಲ್ಲಿತ್ತು.

ಅತ್ತ ಸರ್ಕಾರಗಳ ದಕ್ಷಿಣ ಏಷ್ಯಾ ಬೇರೆಯೇ ದಾರಿ ಹಿಡಿಯಿತು. 1985ರಲ್ಲಿ ಢಾಕಾದಲ್ಲಿ ಈ ದೇಶಗಳ ಒಕ್ಕೂಟವಾದ ಸಾರ್ಕ್ ಶುರುವಾಯಿತು. ಎರಡನೆಯ ಶೃಂಗಸಭೆ 1986ರಲ್ಲಿ ನಮ್ಮ ಬೆಂಗಳೂರಿನಲ್ಲೇ ನಡೆದಿತ್ತು. ಕೊನೆಯದಾಗಿ ನಾಯಕರು ಸೇರಿದ್ದು 2014ರಲ್ಲಿ ಕಠ್ಮಂಡುವಿನಲ್ಲಿ. 2016ರಲ್ಲಿ ಇಸ್ಲಾಮಾಬಾದ್‌ನಲ್ಲಿ ನಡೆಯಬೇಕಿದ್ದ ಸಭೆ ರದ್ದಾಯಿತು.

ಕಲಾವಿದರು ಸಭೆಗಾಗಿ ಕಾಯಲಿಲ್ಲ. 2000ದಲ್ಲಿ ಮುಂಬೈನ ಶಿಲ್ಪಾ ಗುಪ್ತಾ, ಕರಾಚಿಯ ಹುಮಾ ಮುಲ್ಜಿ ‘ಆರ್-ಪಾರ್’ ಎಂಬ ವಿನಿಮಯ ಶುರುಮಾಡಿದರು. ಅಲ್ಲಿನವರ ಕೃತಿ ಇಲ್ಲಿ, ಇಲ್ಲಿನವರದು ಅಲ್ಲಿ. ಅದೂ ಗ್ಯಾಲರಿಯಲ್ಲಲ್ಲ, ಜನ ಓಡಾಡುವ ಕಡೆ. ಸಂಸತ್ತಿನ ಮೇಲೆ ದಾಳಿಯಾದ ಮೇಲೆ, 2002ರ ಜನವರಿಯಿಂದ ಎರಡು ದೇಶಗಳ ನಡುವಿನ ರೈಲು, ವಿಮಾನ ನಿಂತುಹೋದವು. ಆ ವರ್ಷದ ಆರ್-ಪಾರ್‌ಗೆ ಕೃತಿಗಳು ಇ-ಮೇಲ್‌ನಲ್ಲಿ ಹೋದವು. ಎರಡೂ ಊರುಗಳಲ್ಲಿ ಅವನ್ನು ಅಗ್ಗದ ಪೋಸ್ಟರ್‌ಗಳಾಗಿ ಮುದ್ರಿಸಿ ಬೀದಿಯಲ್ಲಿ ಅಂಟಿಸಿದರು. ಮೆಲ್ಬರ್ನ್‌ನಿಂದ ಷಿಕಾಗೋಗೆ ವಸ್ಲಿ ಹಾಳೆಯ ಪಾರ್ಸೆಲ್ ಹೋಗುತ್ತದೆ. ಸಮುದ್ರದ ಒಂದೇ ದಡದ ಮೇಲಿರುವ ಮುಂಬೈ ಮತ್ತು ಕರಾಚಿಯ ನಡುವೆ ಕಡತ ಮಾತ್ರ ದಾಟುತ್ತದೆ. ಕೃತಿಯ ರೂಪ ಯಾಕೆ ಹಾಗಿದೆ ಎಂದು ಕೇಳಿದರೆ, ಕಲಾವಿದರ ಅಭಿರುಚಿಗಿಂತ ಮೊದಲು ಅಂಚೆ ಮತ್ತು ವೀಸಾ ಉತ್ತರ ಹೇಳುತ್ತವೆ.

ಇದೇ ಶಿಲ್ಪಾ ಗುಪ್ತಾ ಮತ್ತು ಲಾಹೋರ್‌ನ ರಶೀದ್ ರಾಣಾ 2015ರಲ್ಲಿ ವೆನಿಸ್ ಬಿನಾಲೆ ಕಲಾಮೇಳದ ಹೊತ್ತಿಗೆ ಒಂದೇ ಕಟ್ಟಡ ಹಂಚಿಕೊಂಡರು. ಆ ವರ್ಷ ಅಲ್ಲಿ ಭಾರತಕ್ಕೂ ಪಾಕಿಸ್ತಾನಕ್ಕೂ ಅಧಿಕೃತ ಮಂಟಪ ಇರಲಿಲ್ಲ. ದೆಹಲಿಯ ಗುಜ್ರಾಲ್ ಫೌಂಡೇಶನ್ ಮುಂದೆ ನಿಂತು ನಡೆಸಿತು. ರಾಣಾ ವೆನಿಸ್‌ನ ಒಂದು ಕೋಣೆಯನ್ನು ಲಾಹೋರ್‌ನ ಲಿಬರ್ಟಿ ಮಾರ್ಕೆಟ್‌ಗೆ ನೇರ ವಿಡಿಯೊದಲ್ಲಿ ಜೋಡಿಸಿದರು. ಅಂಗಡಿಗೆ ಬಂದವರು, ಪ್ರವಾಸ ಬಂದವರು ಮುಖಾಮುಖಿ ನಿಂತು ಮಾತಾಡಿದರು. ಗುಪ್ತಾ ಹಿಡಿದದ್ದು ಭಾರತ-ಬಾಂಗ್ಲಾ ಗಡಿಯನ್ನು. ಅದೇ ವರ್ಷ ಆಗಸ್ಟ್‌ನಲ್ಲಿ ಎರಡು ದೇಶಗಳು ಛಿಟ್‌ಮಹಲ್‌ಗಳನ್ನು, ಅಂದರೆ ಒಂದರ ನೆಲದೊಳಗೆ ಸಿಕ್ಕಿಬಿದ್ದಿದ್ದ ಇನ್ನೊಂದರ ತುಂಡು ಊರುಗಳನ್ನು, ಅದಲು ಬದಲು ಮಾಡಿಕೊಂಡವು. 111 ಆ ಕಡೆಗೆ, 51 ಈ ಕಡೆಗೆ.

ಜೊತೆಗೂಡುವುದು ಎಂದರೆ ಗಡಿ ದಾಟುವುದೇ ಆಗಬೇಕಿಲ್ಲ. ಬೆಂಗಳೂರಿನಲ್ಲಿ 2000ದಿಂದ 2004ರವರೆಗೆ ಪುಷ್ಪಮಾಲಾ ಎನ್. ಮತ್ತು ಛಾಯಾಗ್ರಾಹಕಿ ಕ್ಲೇರ್ ಆರ್ನಿ ಮಾಡಿದ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’ ನನಗೆ ಹೆಚ್ಚು ಹತ್ತಿರದ್ದು. ಪುಷ್ಪಮಾಲಾ ಬೆಂಗಳೂರಿನವರು, ಬರೋಡಾದಲ್ಲಿ ಶಿಲ್ಪಕಲೆ ಕಲಿತವರು. ಕ್ಲೇರ್ ಸ್ಕಾಟ್ಲೆಂಡ್‌ನಲ್ಲಿ ಹುಟ್ಟಿ ದಕ್ಷಿಣ ಭಾರತದಲ್ಲಿ ಬೆಳೆದವರು. ದಕ್ಷಿಣದ ಹೆಣ್ಣು ಎಂದಕೂಡಲೇ ಕಣ್ಣಿಗೆ ಬರುವ ಹಳೆಯ ಚಿತ್ರಗಳನ್ನು ಆರಿಸಿ, ಪರದೆ ಬರೆಸಿ, ಉಡುಪು ಹೊಲಿಸಿ, ಪುಷ್ಪಮಾಲಾ ತಾವೇ ಆ ಪಾತ್ರವಾಗಿ ನಿಂತರು. ರವಿವರ್ಮನ ಲಕ್ಷ್ಮಿ ಇದ್ದಾಳೆ, ಬೆಳದಿಂಗಳ ಹೆಣ್ಣಿದ್ದಾಳೆ, ವೇಲಾಂಕಣಿ ಮಾತೆ ಇದ್ದಾಳೆ, ಪತ್ರಿಕೆಯಲ್ಲಿ ಬಂದ ಪೊಲೀಸ್ ಫೋಟೊದ ಆರೋಪಿಗಳಿದ್ದಾರೆ, ಕನ್ನಡ ಸಿನಿಮಾದ ಸ್ಟಿಲ್ ಕೂಡ ಇದೆ.

ಅದರಲ್ಲಿ ಎರಡನ್ನು ಹತ್ತಿರದಿಂದ ನೋಡೋಣ. ಒಂದು ಬಿಜಾಪುರದ ಯೋಗಿನಿ. ಹದಿನೇಳನೆಯ ಶತಮಾನದ ಆರಂಭದಲ್ಲಿ ಆದಿಲ್‌ಶಾಹಿ ಆಸ್ಥಾನದಲ್ಲಿ ಬರೆದ ಚಿಕಣಿ ಚಿತ್ರ, ಈಗ ಡಬ್ಲಿನ್‌ನ ಚೆಸ್ಟರ್ ಬೀಟಿ ಸಂಗ್ರಹದಲ್ಲಿದೆ. ಜಟೆ ಎತ್ತಿ ಕಟ್ಟಿದ, ಉದ್ದ ನಿಲುವಂಗಿಯ ಯೋಗಿನಿ. ಕೈ ಮೇಲೊಂದು ಮೈನಾ ಹಕ್ಕಿ. ಹಿಂದೆ ಅರಮನೆ, ಆಳೆತ್ತರದ ಹೂಗಿಡಗಳು. ಕರ್ನಾಟಕದ ನೆಲದಲ್ಲಿ ಹುಟ್ಟಿದ ಈ ಚಿತ್ರವನ್ನು ನಮ್ಮಲ್ಲಿ ಎಷ್ಟು ಜನ ನೋಡಿದ್ದೇವೆ? ಪುಷ್ಪಮಾಲಾ ಅದನ್ನು ಬೆಂಗಳೂರಿಗೆ ಎಳೆದು ತಂದರು. ಇನ್ನೊಂದು ತೋಡ ಹೆಣ್ಣಿನದು. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷ್ ಅಧಿಕಾರಿಗಳು ಬುಡಕಟ್ಟಿನವರನ್ನು ಚೌಕುಳಿ ಪರದೆಯ ಮುಂದೆ ನಿಲ್ಲಿಸಿ ಮೈಯಳತೆ ತೆಗೆಯುತ್ತಿದ್ದರಲ್ಲ, ಆ ಬಗೆಯ ಫೋಟೊ. ಅಳೆಸಿಕೊಳ್ಳುವವರು ಇಲ್ಲಿ ಕಲಾವಿದೆಯೇ. ಕ್ಯಾಮೆರಾದ ಹಿಂದೆ ಬಿಳಿಯ ಹೆಣ್ಣು, ಮುಂದೆ ಕರಿಯ ಹೆಣ್ಣು ಎಂಬ ಹಳೆಯ ಲೆಕ್ಕ ಇಬ್ಬರಿಗೂ ಚೆನ್ನಾಗಿ ಗೊತ್ತಿದೆ. ಗೊತ್ತಿದ್ದೇ ಆ ಲೆಕ್ಕವನ್ನು ಆಟವಾಡಿಸಿದ್ದಾರೆ.

ಈ ಯೋಜನೆಯ ಇನ್ನೊಂದು ಭಾಗ ಕಸುಬಿನವಳಾಗಿ ನನಗೆ ಮುಖ್ಯ. ಇಬ್ಬರೂ ಕೆಲಸದ ಒಳಗನ್ನು ತೋರಿಸುವ ಫೋಟೊಗಳನ್ನೇ ಒಂದು ಸರಣಿ ಮಾಡಿ ಪ್ರದರ್ಶನಕ್ಕಿಟ್ಟರು. ಪರದೆಯ ಅಂಚು, ಲೈಟಿನ ಸ್ಟ್ಯಾಂಡು, ಸಹಾಯಕರು ಎಲ್ಲ ಕಣ್ಣಿಗೆ ಬೀಳುತ್ತಾರೆ. ದೇವಿ ದೇವಲೋಕದಿಂದ ಇಳಿದವಳಲ್ಲ, ನಾಲ್ಕು ಜನ ಸೇರಿ ಕಟ್ಟಿದವಳು. ‘ನಮ್ಮ ಸಂಸ್ಕೃತಿಯ ಹೆಣ್ಣು’ ಎಂದು ಎದೆ ತಟ್ಟಿಕೊಳ್ಳುವ ಚಿತ್ರವೂ ಒಂದು ಕಾಲದಲ್ಲಿ ಯಾವುದೋ ಸ್ಟುಡಿಯೊದಲ್ಲಿ ಹೀಗೇ ತಯಾರಾದದ್ದು ಅಂತ ಹೇಳಲು ಬೇರೆ ಉಪನ್ಯಾಸ ಬೇಕಿಲ್ಲ.

ಸಣ್ಣ ಬಂಡವಾಳದಲ್ಲಿ ಇಂಥ ಕೆಲಸ ನಡೆಯಲು ಕಾರಣ ಕಲಾವಿದರೇ ಕಟ್ಟಿಕೊಂಡ ಅಡ್ಡೆಗಳು. 1997ರಲ್ಲಿ ದೆಹಲಿಯ ಖೋಜ್, ಆಮೇಲೆ ಕರಾಚಿಯ ವಸ್ಲ್, ಕೊಲಂಬೊದ ತೀರ್ಥ, 2002ರಲ್ಲಿ ಢಾಕಾದ ಬ್ರಿಟ್ಟೊ. ಬೆಂಗಳೂರಿನ ಶಾಂತಿನಗರದಲ್ಲಿ ಸುರೇಶ್ ಜಯರಾಮ್ ತಮ್ಮ ಮನೆಯನ್ನೇ ತೆರೆದಿಟ್ಟ ‘1 ಶಾಂತಿರೋಡ್’ ಕೂಡ ಈ ಬಗೆಯದೇ. ಬ್ರಿಟ್ಟೊದವರು 2022ರಲ್ಲಿ ಜರ್ಮನಿಯ ಕಾಸೆಲ್‌ನಲ್ಲಿ ನಡೆದ ಡಾಕ್ಯುಮೆಂಟಾ ಕಲಾಪ್ರದರ್ಶನಕ್ಕೆ ಹೋದಾಗ ಬಿದಿರಿನ ಅಡುಗೆಮನೆ ಕಟ್ಟಿ, ಪಕ್ಕದಲ್ಲಿ ತರಕಾರಿ ಪಾತಿ ಮಾಡಿದರು. ನೂರು ದಿನದ ಪ್ರದರ್ಶನದಲ್ಲಿ ದಿನಕ್ಕೊಂದು ನಾಡಿನವರು ಬಂದು ಅಡುಗೆ ಮಾಡಿ ಬಡಿಸಿದರು. ಬಾಂಗ್ಲಾದೇಶದ ಗುರುತು ಏನೆಂದು ತೋರಿಸಿ ಎಂದು ಕರೆದರೆ, ಒಲೆಯನ್ನು ಬೇರೆಯವರ ಕೈಗೆ ಬಿಟ್ಟುಕೊಟ್ಟು ಕೂತರು. ಈ ಧೈರ್ಯ ನನಗೆ ಹಿಡಿಸಿತು.

ಎಲ್ಲ ಜಂಟಿ ಕೆಲಸವೂ ಇಷ್ಟು ನೇರವಾಗಿರುವುದಿಲ್ಲ. ಹಳ್ಳಿಯ ಕುಶಲಕರ್ಮಿಗೆ ದಿನಗೂಲಿ ಕೊಟ್ಟು ಕಸೂತಿ ಹಾಕಿಸಿ, ಗೋಡೆಯ ಮೇಲಿನ ಚೀಟಿಯಲ್ಲಿ ತಮ್ಮೊಬ್ಬರ ಹೆಸರು ಬರೆದು ‘ಸಹಯೋಗ’ ಎನ್ನುವವರೂ ಇದ್ದಾರೆ. ಗೆಸ್ಸೊ ಕೆಲಸಕ್ಕೆಂದು ನನ್ನನ್ನೇ ಒಮ್ಮೆ ಹಾಗೆ ಕರೆದಿದ್ದರು. ಹಣ ಸರಿಯಾಗಿಯೇ ಬಂತು, ಹೆಸರು ಬರಲಿಲ್ಲ. ನಾನು ಹಾಕಿದ ಬಳ್ಳಿಯಲ್ಲಿ ಒಂದು ಎಲೆಯನ್ನೂ ಬದಲಿಸುವ ಸ್ವಾತಂತ್ರ್ಯ ಅಲ್ಲಿ ಇರಲಿಲ್ಲ. ಅಕ್ಬರನ ಗುಮಾಸ್ತರು ಬಣ್ಣ ತುಂಬಿದವರ ಹೆಸರನ್ನೂ ಅಂಚಿನಲ್ಲಿ ಬರೆಯುತ್ತಿದ್ದರು. ಅಷ್ಟಾದರೂ ಮಾಡಲು ನಮಗೇನು ಕಷ್ಟ?

ಹಾಗಾಗಿ ಇಂಥ ಪ್ರದರ್ಶನಕ್ಕೆ ಹೋಗುವವರಿಗೆ ನಾನು ಹೇಳುವುದು: ಫಲಕದ ಮೇಲಿನ ಶಾಂತಿ ಮಂತ್ರ ಆಮೇಲೆ ಓದಿ. ಮೊದಲು ಮೂರು ಸಂಗತಿ ವಿಚಾರಿಸಿ. ಯಾರ ಕೆಲಸವನ್ನು ಯಾರು ಬದಲಿಸಬಹುದಿತ್ತು? ಮೊದಲ ಗೆರೆ ಹಾಕಿದವರು ಕೊನೆಯ ಮಾತನ್ನೂ ತಮಗೇ ಇಟ್ಟುಕೊಂಡರೇ? ಹಣ ಮತ್ತು ಹೆಸರು ಹೇಗೆ ಹಂಚಿಕೆಯಾಯಿತು? ಉತ್ತರ ನೆಟ್ಟಗಿದ್ದರೆ, ಚಿತ್ರ ಕಣ್ಣಿಗೆ ಒರಟಾಗಿ ಕಂಡರೂ ಸ್ವಲ್ಪ ಹೊತ್ತು ನಿಂತು ನೋಡಿ. ನಾವೆಲ್ಲ ಒಂದೇ ಎಂದು ಹೇಳುವುದು ಸುಲಭ, ಅದಕ್ಕೆ ಭಾಷಣ ಸಾಕು. ನಾವು ಒಂದೇ ಅಲ್ಲ, ಆದರೂ ಹಾಳೆ ಒಂದೇ ಎಂದು ಒಪ್ಪಿಕೊಂಡು ಕೆಲಸ ಮಾಡುವುದಕ್ಕೆ ಮಾತ್ರ ಕಲಾವಿದರೇ ಬೇಕು.